ಹಾಡನ್ನು ಉಳಿಸುವಾಗ ಪಕ್ಕದ ವಾರ್ತೆಯನ್ನು ಕತ್ತರಿಸಬೇಡಿ

ಸಂಪಾದಕರಿಗೆ,

ಮಾನ್ಯರೇ,

ತೊಂಬತ್ತರ ದಶಕದ ಹಿನ್ನೋಟಗಳು ಈಗ ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಸಾಲುಸಾಲಾಗಿ ಬರುತ್ತಿವೆ. ಓದಿದವರ ಮುಖ ಅರಳುತ್ತದೆ, ಅದು ಒಳ್ಳೆಯದೇ. ಆದರೆ ಹೆಚ್ಚುಕಡಿಮೆ ಎಲ್ಲದರಲ್ಲೂ ಸುದ್ದಿಗೆ ಒಂದು ಪುಟ, ಹಾಡಿಗೆ ಇನ್ನೊಂದು ಪುಟ. ಆ ಹತ್ತು ವರ್ಷ ಬಾಳಿದ ಮನೆಗಳಲ್ಲಿ ಇವೆರಡೂ ಬೇರೆಬೇರೆ ಇರಲಿಲ್ಲ. ರೇಡಿಯೊ, ಕ್ಯಾಸೆಟ್ ಪ್ಲೇಯರ್ ಎರಡೂ ಸೇರಿದ ಒಂದೇ ಟೂ ಇನ್ ವನ್‌ನಿಂದ ಎರಡೂ ಬರುತ್ತಿದ್ದವು. ಕೋರಿಕೆಯ ಹಾಡು ಮುಗಿಯುವುದು, ಸಮಯದ ಪಿಪ್ ಸದ್ದು ಕೇಳಿಸುವುದು, ವಾರ್ತೆ ಶುರುವಾಗುವುದು. ಹಾಡು ಹಿಡಿಯಲೆಂದು ಒತ್ತಿದ ರೆಕಾರ್ಡ್ ಗುಂಡಿಯನ್ನು ಎಬ್ಬಿಸುವಷ್ಟರಲ್ಲಿ ಒಂದೆರಡು ನಿಮಿಷದ ವಾರ್ತೆಯೂ ಟೇಪಿನ ಮೇಲೆ ಕೂತುಬಿಡುತ್ತಿತ್ತು.

ಅಂಥ ಕ್ಯಾಸೆಟ್ಟುಗಳು ಇನ್ನೂ ಅಟ್ಟದ ಮೇಲೆ, ಮಂಚದ ಕೆಳಗಿನ ಟ್ರಂಕಿನಲ್ಲಿ ಇವೆ. ಅವನ್ನು ಕಂಪ್ಯೂಟರಿಗೆ ಇಳಿಸುವ ಹುರುಪು ಈಗ ಬಹಳ ಮನೆಗಳಲ್ಲಿ ಬಂದಿದೆ. ಇಳಿಸುವವರು ಮೊದಲು ಮಾಡುವ ಕೆಲಸ, ಹಾಡನ್ನು ಇಟ್ಟುಕೊಂಡು ಉದ್ಘೋಷಕರ ಮಾತು, ಜಾಹೀರಾತು, ವಾರ್ತೆಯ ತುಣುಕನ್ನು ಕತ್ತರಿಸಿ ಎಸೆಯುವುದು. ಆ ಹಾಡು ಇದಕ್ಕಿಂತ ಚೆನ್ನಾಗಿ ಬೇರೆ ಕಡೆ ಸಿಗುತ್ತದೆ, ಕಂಪನಿಯ ಮುದ್ರಣವೇ ಇರುತ್ತದೆ. ಎಸೆದ ಒಂದೂವರೆ ನಿಮಿಷ ಮಾತ್ರ ಲೋಕದಲ್ಲಿ ಇನ್ನೆಲ್ಲೂ ಉಳಿದಿರಲಿಕ್ಕಿಲ್ಲ. ಇದನ್ನು ನಿಲ್ಲಿಸಿ ಎಂದು ಕೇಳಿಕೊಳ್ಳಲು, ಟೇಪನ್ನು ಹೇಗೆ ಇಳಿಸಬೇಕು, ಅದರ ಕಾಲವನ್ನು ಹೇಗೆ ಗುರುತಿಸಬೇಕು ಎಂದು ಹೇಳಲು ಈ ಪತ್ರ.

ಮೊದಲು ಇಸವಿಯ ಮಾತು. ನೆನಪಿನ ಭರದಲ್ಲಿ ಇಸವಿ ಜಾರುವುದು ಸಹಜ. ದೂರದರ್ಶನದ ‘ಮಿಲೇ ಸುರ್ ಮೇರಾ ತುಮ್ಹಾರಾ’ ಪದೇ ಪದೇ ತೊಂಬತ್ತರ ಲೆಕ್ಕಕ್ಕೆ ಸೇರುತ್ತಿದೆ. ಅದು ಮೊದಲು ಪ್ರಸಾರವಾದದ್ದು 1988ರ ಆಗಸ್ಟ್ 15ರಂದು. ‘ಪ್ರೇಮಲೋಕ’ವೂ ಹಾಗೆಯೇ. ಚಿತ್ರ 1987ರದು, ಅದರ ಹಾಡುಗಳು ಮಾತ್ರ ಮುಂದೆ ಎಷ್ಟೋ ವರ್ಷ ಬಸ್ಸಿನಲ್ಲಿ, ಹೋಟೆಲಿನಲ್ಲಿ ಕೇಳಿಸುತ್ತಲೇ ಇದ್ದವು. ಬರ್ಲಿನ್ ಗೋಡೆ ಒಡೆಯುವ ದೃಶ್ಯಕ್ಕೆ ಜರ್ಮನಿಯ ಸ್ಕಾರ್ಪಿಯನ್ಸ್ ತಂಡದ ಶಿಳ್ಳೆಯ ಹಾಡು ‘ವಿಂಡ್ ಆಫ್ ಚೇಂಜ್’ ಅನ್ನು ಜೋಡಿಸುವುದು ಇನ್ನೊಂದು ಅಭ್ಯಾಸ. ಗೋಡೆ ತೆರೆದದ್ದು 1989ರ ನವೆಂಬರ್ 9ರಂದು. ಹಾಡು ಆಲ್ಬಮ್ಮಿನಲ್ಲಿ ಬಂದದ್ದು 1990ರ ಕೊನೆಗೆ, ಬಿಡಿಯಾಗಿ ಬಂದದ್ದು 1991ರಲ್ಲಿ. ಅದು ಜಗತ್ತಿನ ಕಿವಿ ತುಂಬಿದ ವರ್ಷ ಗೋಡೆಯದಲ್ಲ, ಸೋವಿಯತ್ ಒಕ್ಕೂಟ ಮುಗಿದ ವರ್ಷ. ಎರಡು ವರ್ಷದ ವ್ಯತ್ಯಾಸ ಏನು ಮಹಾ ಎನ್ನಬಾರದು. ಹಾಡು ಘಟನೆಯ ಹಿಂದೆ ಬಂತೋ ಮುಂದೆ ಬಂತೋ ಎನ್ನುವುದರ ಮೇಲೆ ಅದರ ಅರ್ಥವೇ ನಿಂತಿದೆ.

ಸುದ್ದಿ ಮತ್ತು ಹಾಡು ಎಷ್ಟು ಹೆಣೆದುಕೊಂಡಿದ್ದವು ಎನ್ನುವುದಕ್ಕೆ ನಮ್ಮ ದೇಶದ ಪಾಪ್ ಸಂಗೀತದ ಕತೆಯೇ ಸಾಕು. 1991ರ ಜನವರಿ 17ರಂದು ಕೊಲ್ಲಿ ಯುದ್ಧ ಶುರುವಾದಾಗ ಸಿಎನ್‌ಎನ್ ನೇರ ಪ್ರಸಾರ ನೋಡಲು ದೊಡ್ಡ ಹೋಟೆಲುಗಳಲ್ಲಿ ಜನ ಸೇರಿದರು. ಡಿಶ್‌ಗೆ ಬೆಲೆ ಬಂತು. ಆ ಡಿಶ್‌ನಿಂದ ಬೀದಿಬೀದಿಗೆ ಕೇಬಲ್ ಎಳೆದವರು ಅದೇ ವರ್ಷ ಸ್ಟಾರ್ ಟಿ.ವಿ.ಯನ್ನೂ ಅದರ ಜೊತೆಗೆ ಎಂಟಿವಿಯನ್ನೂ ಮನೆಯೊಳಗೆ ತಂದರು. 1992ರ ಅಕ್ಟೋಬರಿನಲ್ಲಿ ಜೀ ಟಿ.ವಿ., 1994ರಲ್ಲಿ ಚಾನೆಲ್ ವಿ, ಅದೇ ವರ್ಷ ಕನ್ನಡಕ್ಕೆ ಉದಯ ಟಿ.ವಿ. ಯುದ್ಧದ ಸುದ್ದಿ ಹಾಕಿಕೊಟ್ಟ ದಾರಿಯಲ್ಲೇ ಪಾಪ್ ಹಾಡು ನಡೆದುಬಂತು. ಇಪ್ಪತ್ತನಾಲ್ಕು ಗಂಟೆ ತುಂಬಿಸಬೇಕಾದ ಸಂಗೀತ ಚಾನೆಲ್ಲಿಗೆ ವಿಡಿಯೊ ಬೇಕಿತ್ತು, ಕ್ಯಾಸೆಟ್ ಕಂಪನಿಗೆ ಪ್ರಚಾರ ಬೇಕಿತ್ತು. ಬಾಬಾ ಸೆಹಗಲ್ ಅವರ ರ‍್ಯಾಪ್ 1992ರಲ್ಲೇ ಬಂದಿದ್ದರೂ ಹೊಳೆ ಉಕ್ಕಿ ಹರಿದದ್ದು 1995ರ ನಂತರ. ಆ ವರ್ಷ ಅಲಿಷಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’, ದಲೇರ್ ಮೆಹಂದಿ ಅವರ ಮೊದಲ ಆಲ್ಬಮ್. ಮರುವರ್ಷ ಲಕ್ಕಿ ಅಲಿ, ಮತ್ತು ಹರಿಹರನ್ ಹಾಗೂ ಲೆಸ್ಲಿ ಲೂಯಿಸ್ ಜೋಡಿಯ ‘ಕಲೋನಿಯಲ್ ಕಸಿನ್ಸ್’. ಭಾರತದಲ್ಲಿ ತಯಾರಾದದ್ದು ಎಂದು ಹೆಮ್ಮೆಯಿಂದ ಹಾಡಿದ ಹಾಡು ಬಂದದ್ದು ಸುಷ್ಮಿತಾ ಸೇನ್, ಐಶ್ವರ್ಯಾ ರೈ ಕಿರೀಟ ಗೆದ್ದ ಮರುವರ್ಷ. ದೇಶದ ಮೊದಲ ಮೊಬೈಲ್ ಕರೆ (ಜುಲೈ 31) ಮತ್ತು ಸಾರ್ವಜನಿಕ ಇಂಟರ್‌ನೆಟ್ (ಆಗಸ್ಟ್ 15) ಬಂದ ವರ್ಷವೂ ಅದೇ. ದೇಶದ ಮಾರುಕಟ್ಟೆ ತೆರೆದ 1991ರ ಜುಲೈ 24ರ ಬಜೆಟ್ಟಿಗೆ ಮೊದಲು ಆ ಹಾಡನ್ನು ಕಲ್ಪಿಸಿಕೊಳ್ಳುವುದು ಕಷ್ಟ.

ಕನ್ನಡದ ಹಿನ್ನೋಟಗಳು ಇಂಡಿಪಾಪ್ ಹೆಸರುಗಳನ್ನಷ್ಟೇ ಹೇಳಿ ಮುಗಿಸುವುದು ಸರಿಯಲ್ಲ. ಸಿನಿಮಾದ ಆಸರೆಯಿಲ್ಲದೆ ಕ್ಯಾಸೆಟ್ಟಿನಲ್ಲೇ ಬದುಕಿದ ಹಾಡು ನಮ್ಮಲ್ಲಿ ಅದಕ್ಕೂ ಬಹಳ ಮುಂಚೆ ಇತ್ತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರದು. ಸಿ. ಅಶ್ವತ್ಥ್ ಅವರ ದನಿಯಲ್ಲಿ ಶಿಶುನಾಳ ಶರೀಫರು ಮನೆಮಾತಾದದ್ದೂ ಕ್ಯಾಸೆಟ್ಟಿನಿಂದಲೇ. ಭಾವಗೀತೆ, ಜನಪದ, ಭಕ್ತಿಗೀತೆ, ಈ ಮೂರನ್ನು ಬಿಟ್ಟು ಕರ್ನಾಟಕದ ತೊಂಬತ್ತರ ದಶಕದ ಜನಪ್ರಿಯ ಸಂಗೀತದ ಬಗ್ಗೆ ಬರೆದರೆ ಅದು ಅರ್ಧ ಬರಹ.

ಒಂದು ವಾರವನ್ನು ಹತ್ತಿರದಿಂದ ನೋಡೋಣ, 1997ರ ಆಗಸ್ಟ್ ಎರಡನೇ ವಾರ. ಸ್ವಾತಂತ್ರ್ಯಕ್ಕೆ 50 ತುಂಬುವ ಸಡಗರ. ಎ.ಆರ್. ರೆಹಮಾನ್ ಅವರ ‘ವಂದೇ ಮಾತರಂ’ ಆಲ್ಬಮ್ ಅಂಗಡಿಗೆ ಬಂದಿತ್ತು. ಅದೇ ವಾರ, ಆಗಸ್ಟ್ 12ರಂದು, ಟಿ-ಸೀರೀಸ್ ಸ್ಥಾಪಕ ಗುಲ್ಶನ್ ಕುಮಾರ್ ಅವರನ್ನು ಮುಂಬೈಯಲ್ಲಿ ದೇವಸ್ಥಾನದ ಹೊರಗೆ ಗುಂಡಿಟ್ಟು ಕೊಂದರು. ಅಗ್ಗದ ಕ್ಯಾಸೆಟ್ಟನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಿದ ವ್ಯಕ್ತಿ ಅವರು. ಎರಡೂವರೆ ವಾರದಲ್ಲಿ, ಆಗಸ್ಟ್ 31ರಂದು, ಡಯಾನಾ ಸಾವು. ಸೆಪ್ಟೆಂಬರ್ 5ರಂದು ಮದರ್ ತೆರೇಸಾ ತೀರಿಕೊಂಡರು. ಮರುದಿನ ಡಯಾನಾ ಅಂತ್ಯಕ್ರಿಯೆಯಲ್ಲಿ ಎಲ್ಟನ್ ಜಾನ್ 1973ರ ತಮ್ಮ ಹಾಡು ‘ಕ್ಯಾಂಡಲ್ ಇನ್ ದ ವಿಂಡ್’ ಅನ್ನು ಹೊಸ ಸಾಲುಗಳೊಂದಿಗೆ ಹಾಡಿದರು. ಆ ನಾಲ್ಕು ವಾರದಲ್ಲಿ ರೇಡಿಯೊ ಪಕ್ಕ ಇಟ್ಟು ತುಂಬಿಸಿದ ಒಂದು ಕ್ಯಾಸೆಟ್ಟು ಇದ್ದರೆ ಅದರಲ್ಲಿ ಯಾವುದು ಸುದ್ದಿ, ಯಾವುದು ಹಾಡು ಎಂದು ಬೇರ್ಪಡಿಸುವುದೇ ಅಸಾಧ್ಯ. ಕತ್ತರಿಸಬೇಡಿ ಎನ್ನುವುದು ಇದಕ್ಕೇ.

ಈಗ ಟೇಪಿನ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟಿನ ಚೀಟಿಯನ್ನು ನಂಬಬಾರದು, ಇದು ಮೊದಲ ಪಾಠ. ಹೊಸ ಕ್ಯಾಸೆಟ್ ಕೊಳ್ಳಲು ಕೈ ಹಿಡಿಯುತ್ತಿದ್ದ ಕಾಲ. ಒಂದರ ಮೇಲೆ ಎರಡು ಮೂರು ಸಲ ರೆಕಾರ್ಡ್ ಮಾಡುತ್ತಿದ್ದರು, ಚೀಟಿ ಮಾತ್ರ ಮೊದಲ ಸಲದ್ದೇ ಇರುತ್ತಿತ್ತು. 30 ನಿಮಿಷದ ಬದಿಯಲ್ಲಿ ಹೊಸ ರೆಕಾರ್ಡಿಂಗ್ 22 ನಿಮಿಷಕ್ಕೆ ನಿಂತರೆ ಉಳಿದ 8 ನಿಮಿಷದಲ್ಲಿ ಹಿಂದಿನದು ಹಾಗೇ ಇರುತ್ತದೆ. ‘ಟಕ್’ ಎಂಬ ಗುಂಡಿಯ ಸದ್ದು ಕೇಳಿಸಿ, ದನಿಯ ಬಣ್ಣ ಥಟ್ಟನೆ ಬದಲಾಗಿ, ಅರ್ಧ ವಾಕ್ಯದಿಂದ ಇನ್ಯಾವುದೋ ವರ್ಷದ ವಾರ್ತೆ ಶುರುವಾಗುತ್ತದೆ. ಆದ್ದರಿಂದ ಹಾಡು ಮುಗಿಯಿತೆಂದು ನಿಲ್ಲಿಸಬೇಡಿ. ಪ್ರತಿ ಬದಿಯನ್ನೂ ಬಣ್ಣದ ತುದಿಪಟ್ಟಿ ಬರುವ ತನಕ ಓಡಿಸಿ.

ಕಾಲ ಗುರುತಿಸಲು ವಾರ್ತೆಯ ಒಂದೇ ವಾಕ್ಯ ಸಾಕಾಗುವುದುಂಟು. ಆ ದಶಕದಲ್ಲಿ ಪ್ರಧಾನಿಗಳೂ ಮುಖ್ಯಮಂತ್ರಿಗಳೂ ಬೇಗ ಬೇಗ ಬದಲಾದರು, ಆದ್ದರಿಂದ ಎರಡು ಹೆಸರು ಒಟ್ಟಿಗೆ ಸಿಕ್ಕರೆ ಅವಧಿ ಕಿರಿದಾಗುತ್ತದೆ. ಬಂಗಾರಪ್ಪ ಮುಖ್ಯಮಂತ್ರಿಯಾದದ್ದು 1990ರ ಅಕ್ಟೋಬರ್ 17ರಂದು, ವಿ.ಪಿ. ಸಿಂಗ್ ಪ್ರಧಾನಿ ಪಟ್ಟ ಬಿಟ್ಟದ್ದು ನವೆಂಬರ್ 10ರಂದು. ಇಬ್ಬರೂ ಆಯಾ ಸ್ಥಾನದಲ್ಲಿರುವ ವಾರ್ತೆ ಸಿಕ್ಕರೆ ಅದು ಆ ಮೂರೂವರೆ ವಾರದ್ದೇ. ಬಂಗಾರಪ್ಪ ಮತ್ತು ಚಂದ್ರಶೇಖರ್ ಎಂದರೆ 1991ರ ಜೂನ್ 21ರ ಒಳಗೆ. ಬಂಗಾರಪ್ಪ ಮತ್ತು ನರಸಿಂಹ ರಾವ್ ಎಂದರೆ ಅಲ್ಲಿಂದ 1992ರ ನವೆಂಬರ್ 19ರ ತನಕ. ವೀರಪ್ಪ ಮೊಯಿಲಿ ಎಂದರೆ 1994ರ ಡಿಸೆಂಬರ್ 11ರ ತನಕ, ಆ ಅವಧಿಯುದ್ದಕ್ಕೂ ಪ್ರಧಾನಿ ರಾವ್ ಒಬ್ಬರೇ ಆದ್ದರಿಂದ ಇಲ್ಲಿ ಬೇರೆ ಸುಳಿವು ಹುಡುಕಬೇಕು. ದೇವೇಗೌಡರು ಮುಖ್ಯಮಂತ್ರಿ, ವಾಜಪೇಯಿ ಪ್ರಧಾನಿ ಎಂದು ಕೇಳಿಸಿದರೆ ಟೇಪು ಚಿನ್ನದಂಥದ್ದು, ಆ ಜೋಡಿ 1996ರ ಮೇ ತಿಂಗಳ ಎರಡನೇ ಅರ್ಧದಲ್ಲಿ ಮಾತ್ರ ಇತ್ತು. ಮುಖ್ಯಮಂತ್ರಿ ಜೆ.ಎಚ್. ಪಟೇಲರ ಜೊತೆ ದೇವೇಗೌಡರು ಪ್ರಧಾನಿಯಾಗಿದ್ದರೆ 1997ರ ಏಪ್ರಿಲ್ 21ರ ತನಕ, ಗುಜ್ರಾಲ್ ಆದರೆ 1998ರ ಮಾರ್ಚ್ 19ರ ತನಕ, ಆಮೇಲೆ ವಾಜಪೇಯಿ.

ಹೆಸರು ಕೇಳಿಸದಿದ್ದರೆ ಘಟನೆ ಹಿಡಿಯಿರಿ. ಶಂಕರ್‌ನಾಗ್ ಅಪಘಾತ 1990ರ ಸೆಪ್ಟೆಂಬರ್ 30, ಕಾವೇರಿ ಗಲಭೆ 1991ರ ಡಿಸೆಂಬರ್, ಕಿಲ್ಲಾರಿ ಭೂಕಂಪ 1993ರ ಸೆಪ್ಟೆಂಬರ್ 30, ಸೂರತ್ ಪ್ಲೇಗ್ 1994ರ ಸೆಪ್ಟೆಂಬರ್, ಗಣೇಶ ಹಾಲು ಕುಡಿದ ಸುದ್ದಿ 1995ರ ಸೆಪ್ಟೆಂಬರ್ 21, ಪೋಖ್ರಾನ್ ಅಣುಪರೀಕ್ಷೆ 1998ರ ಮೇ 11 ಮತ್ತು 13. ಕ್ರಿಕೆಟ್ ವೀಕ್ಷಕ ವಿವರಣೆ ಇನ್ನೂ ಖಚಿತ, ರನ್ನು ವಿಕೆಟ್ಟಿನ ಲೆಕ್ಕ ಸಿಕ್ಕರೆ ನಿಮಿಷದ ತನಕ ಹೇಳಬಹುದು. 1996ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವೆಂಕಟೇಶ್ ಪ್ರಸಾದ್ ಅವರು ಆಮಿರ್ ಸೊಹೈಲ್ ಸ್ಟಂಪ್ ಕಿತ್ತ ಕ್ಷಣದ ಕೂಗು ಎಷ್ಟೋ ಟೇಪುಗಳಲ್ಲಿ ಇರಲೇಬೇಕು. ಇನ್ನೊಂದು ಸೂಕ್ಷ್ಮ ಸುಳಿವು: ಚಿತ್ರಗೀತೆ ಬರಬೇಕಾದ ಹೊತ್ತಿನಲ್ಲಿ ಆಕಾಶವಾಣಿ ಬರೀ ವಾದ್ಯಸಂಗೀತ ಹಾಕುತ್ತಿದ್ದರೆ ಅದು ರಾಷ್ಟ್ರೀಯ ಶೋಕದ ದಿನ ಇರಬಹುದು. 1991ರ ಮೇ 21ರ ರಾತ್ರಿ ರಾಜೀವ್ ಗಾಂಧಿ ಹತ್ಯೆಯಾದ ನಂತರದ ದಿನಗಳು ಹಾಗಿದ್ದವು. ಹಾಡಿಲ್ಲವೆಂದು ಅಂಥ ಟೇಪನ್ನು ಬಿಸಾಡಿದರೆ ಆ ದಶಕದ ಅತಿ ದೊಡ್ಡ ಮೌನವನ್ನೇ ಬಿಸಾಡಿದಂತೆ.

ಅಂಗಡಿಯ ಕ್ಯಾಸೆಟ್ಟಿಗೆ ಬೇರೆ ಉಪಾಯ. ಒಳಗಿನ ಕಾರ್ಡು ಬಿಡಿಸಿ ಓದಬೇಕು. ಧ್ವನಿಮುದ್ರಣದ ಮೇಲೂ ಹೊದಿಕೆಯ ಮೇಲೂ ತಯಾರಕರ ಹೆಸರು ವಿಳಾಸ, ಹಕ್ಕುದಾರರು, ಮೊದಲ ಪ್ರಕಟಣೆಯ ವರ್ಷ, ಇಷ್ಟೂ ಇರಬೇಕೆಂದು ಕೃತಿಸ್ವಾಮ್ಯ ಕಾಯ್ದೆಯ 52ಎ ವಿಧಿ ಹೇಳುತ್ತದೆ; 1984ರ ತಿದ್ದುಪಡಿಯಲ್ಲಿ ಸೇರಿದ್ದು. ವೃತ್ತದೊಳಗೆ ‘ಪಿ’ ಅಕ್ಷರ ಇದ್ದರೆ ಅದರ ಪಕ್ಕದ ವರ್ಷ ಧ್ವನಿಮುದ್ರಣದ್ದು, ‘ಸಿ’ ಇದ್ದರೆ ಸಾಮಾನ್ಯವಾಗಿ ಚಿತ್ರ, ಬರಹದ್ದು. ಎರಡು ವರ್ಷ ಬೇರೆಯಾಗಿದ್ದರೆ ಮರುಮುದ್ರಣ ಎಂದು ಅನುಮಾನಿಸಿ. ವಿಳಾಸವೂ ಮಾತಾಡುತ್ತದೆ. ಬಾಂಬೆ ಮುಂಬೈ ಆದದ್ದು 1995ರಲ್ಲಿ, ಮದ್ರಾಸ್ ಚೆನ್ನೈ ಆದದ್ದು 1996ರಲ್ಲಿ. ಮುಂಬೈ ಎಂದಿರುವ ಕಾರ್ಡು 1993ರದ್ದಾಗಿರುವ ಸಾಧ್ಯತೆ ಕಡಿಮೆ. ಬಾಂಬೆ ಎಂದಿದ್ದರೆ ಮಾತ್ರ ಇಷ್ಟೇ ಖಚಿತವಾಗಿ ಹೇಳಲಾಗದು, ಹಳೆಯ ಕಾರ್ಡಿನ ದಾಸ್ತಾನು ಮುಗಿಯುವ ತನಕ ಅದನ್ನೇ ಹಾಕುತ್ತಿದ್ದರು. ಪಟ್ಟಿ ಕೊಟ್ಟು ಅಂಗಡಿಯಲ್ಲಿ ಹಾಡು ತುಂಬಿಸಿಕೊಂಡ ಕ್ಯಾಸೆಟ್ಟಾದರೆ, ಅದರಲ್ಲಿರುವ ಅತಿ ಹೊಸ ಹಾಡಿನ ವರ್ಷವೇ ಕೆಳಗಿನ ಗಡಿ.

ಇನ್ನು ಟೇಪನ್ನು ಓಡಿಸುವ ಕೆಲಸ. ಇಲ್ಲಿ ಅವಸರ ಮಾಡಿದವರೇ ಹೆಚ್ಚು ಕಳೆದುಕೊಂಡಿದ್ದಾರೆ. ಕ್ಯಾಸೆಟ್ ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ, ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 90 ಮೀಟರ್ ಟೇಪು, ದಪ್ಪ 18 ಮೈಕ್ರಾನ್. 90 ನಿಮಿಷದ್ದಾದರೆ ಅದು 12 ಮೈಕ್ರಾನಿಗೆ ಇಳಿಯುತ್ತದೆ, 120ರದ್ದು 9ಕ್ಕೆ. ತೆಳ್ಳಗಾದಷ್ಟೂ ಸುಲಭವಾಗಿ ಹಿಗ್ಗುತ್ತದೆ, ರೋಲರಿಗೆ ಸುತ್ತಿಕೊಳ್ಳುತ್ತದೆ. ಯಂತ್ರ ಐದು ಸೆಂಟಿಮೀಟರ್ ಟೇಪು ನುಂಗಿದರೆ ಒಂದು ಸೆಕೆಂಡಿನ ದನಿ ಹೋದಂತೆ, ಓದುತ್ತಿರುವವರ ಹೆಸರು ಇರುವುದೇ ಆ ಒಂದು ಸೆಕೆಂಡಿನಲ್ಲಿ ಇರಬಹುದು.

ಯಂತ್ರಕ್ಕೆ ಹಾಕುವ ಮೊದಲು ಕ್ಯಾಸೆಟ್ಟಿನ ಬೆನ್ನಿನ ಎರಡೂ ತುದಿಯ ಪ್ಲಾಸ್ಟಿಕ್ ಕಿವಿಗಳನ್ನು ಮುರಿಯಿರಿ. ಕಿವಿ ಇದ್ದರೆ ಕೈತಪ್ಪಿ ರೆಕಾರ್ಡ್ ಒತ್ತಿದಾಗ ಅಳಿಸಿಹೋಗುತ್ತದೆ. ಆಮೇಲೆ ಬೆಳಕಿಗೆ ಹಿಡಿದು ಕಿಟಕಿಯೊಳಗೆ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯಂಥದ್ದು ಕಂಡರೆ ಅದು ಬೂಷ್ಟು, ಮಲೆನಾಡು ಕರಾವಳಿಯ ಕ್ಯಾಸೆಟ್ಟಿನಲ್ಲಿ ಸಾಮಾನ್ಯ. ಅದನ್ನು ಹಾಗೇ ಓಡಿಸಿದರೆ ಟೇಪಿನಿಂದ ದನಿ ಓದುವ ಹೆಡ್ಡು ಕೆಡುತ್ತದೆ, ಮುಂದೆ ಹಾಕುವ ಪ್ರತಿ ಕ್ಯಾಸೆಟ್ಟಿಗೂ ಬೂಷ್ಟು ಅಂಟುತ್ತದೆ. ಬೇರೆಯಾಗಿ ಇಟ್ಟು, ಒಣಗಿಸಿ, ಬಾಯಿ ಮೂಗು ಮುಚ್ಚಿಕೊಂಡು ಬಯಲಿನಲ್ಲಿ ಮೆದು ಬ್ರಷ್ಷಿನಿಂದ ಉದುರಿಸಬೇಕು. ಫ್ರಿಜ್ಜಿನಲ್ಲಿಡುವ ಸಲಹೆಗೆ ಕಿವಿಗೊಡಬೇಡಿ, ಹೊರಗೆ ತೆಗೆದ ಕೂಡಲೇ ಟೇಪಿನ ಮೇಲೆ ನೀರು ಕೂರುತ್ತದೆ.

ಟೇಪಿನ ನಡುವೆ, ಹೆಡ್ಡು ಬಂದು ತಾಗುವ ಕಡೆ, ತೆಳು ತಗಡಿನ ಮೇಲೆ ಒಂದು ಚಿಕ್ಕ ಫೆಲ್ಟ್ ತುಂಡು ಇರುತ್ತದೆ. ಮೂವತ್ತು ವರ್ಷದಲ್ಲಿ ಅದರ ಅಂಟು ಒಣಗಿ ತುಂಡು ಬಿದ್ದುಹೋಗಿರುತ್ತದೆ. ಆಗ ದನಿ ಮಂಕಾಗಿ, ಬಂದು ಹೋಗುತ್ತದೆ. ಟೇಪು ಹಾಳಾಗಿದೆ ಎಂದು ಜನ ಎಸೆಯುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಐದು ಸ್ಕ್ರೂ ಬಿಚ್ಚಿ, ಬೇಡದ ಕ್ಯಾಸೆಟ್ಟೊಂದರ ಚಿಪ್ಪಿನೊಳಕ್ಕೆ ಎರಡೂ ಸುರುಳಿಯನ್ನು ಸ್ಥಳಾಂತರಿಸಿದರೆ ದನಿ ಮರಳುತ್ತದೆ. ಚಿಪ್ಪು ಬಿಚ್ಚುವಾಗ ಮೇಜಿನ ಮೇಲೆ ಮಲಗಿಸಿಯೇ ಬಿಚ್ಚಿ, ಒಳಗಿನ ಎರಡು ಜಾರುಹಾಳೆ, ಮೂಲೆಯ ಎರಡು ಪುಟ್ಟ ಗಾಲಿ ಯಾವ ಜಾಗದಲ್ಲಿವೆ ಎಂದು ಫೋಟೊ ತೆಗೆದುಕೊಳ್ಳಿ. ಸ್ಕ್ರೂ ಇಲ್ಲದೆ ಅಂಟಿಸಿದ ಚಿಪ್ಪಾದರೆ ಸಂದಿಗೆ ಬ್ಲೇಡು ಹಾಕಿ ನಿಧಾನವಾಗಿ ಎಬ್ಬಿಸಬೇಕು. ತುಂಡಾದ ಟೇಪಿಗೆ ಸೆಲ್ಲೊಟೇಪ್ ಹಾಕಲೇಬೇಡಿ, ಅದರ ಗೋಂದು ಹರಿದು ಪಕ್ಕದ ಸುತ್ತನ್ನೂ ಹಿಡಿಯುತ್ತದೆ. ಇದಕ್ಕೆಂದೇ ಇರುವ ಅಂಟುಪಟ್ಟಿಯನ್ನು, ಹೆಡ್ಡಿಗೆ ತಾಗುವ ಮುಖಕ್ಕಲ್ಲ, ಹಿಂಬದಿಗೆ ಹಾಕಬೇಕು.

ಬಹಳ ವರ್ಷ ಒಂದೇ ಕಡೆ ಬಿದ್ದಿದ್ದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿಸಿದರೆ ಸುರುಳಿ ಸಡಿಲವಾಗಿ ಓಟ ಸಮವಾಗುತ್ತದೆ. ಆದರೆ ಮೊದಲು ಆರು ಮೂಲೆಯ ಪೆನ್ಸಿಲ್ಲು ತೂರಿಸಿ ಕೈಯಿಂದ ತಿರುಗಿಸಿ ನೋಡಿ. ಬಿಗಿಯಿದ್ದರೆ ಮೋಟಾರಿಗೆ ಕೊಡಬೇಡಿ, ತುದಿಪಟ್ಟಿ ಕಿತ್ತುಬರುತ್ತದೆ.

ಯಂತ್ರದ ಆರೈಕೆ ದೊಡ್ಡ ವಿದ್ಯೆಯೇನಲ್ಲ. ಹೆಡ್ಡು ಮತ್ತು ಟೇಪನ್ನು ಎಳೆಯುವ ಲೋಹದ ಕಡ್ಡಿಯನ್ನು 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ, ಕಂದು ಬಣ್ಣ ಬರುವುದು ನಿಲ್ಲುವ ತನಕ ಒರೆಸಿ. ರಬ್ಬರ್ ರೋಲರಿಗೆ ಸೋಪಿನ ನೀರು ಸಾಕು. ಟೇಪು ನುಂಗುವ ಯಂತ್ರದಲ್ಲಿ ತಪ್ಪು ಬಹುಪಾಲು ಗಟ್ಟಿಯಾದ ಈ ರೋಲರಿನದು, ಇಲ್ಲವೇ ಜಗ್ಗಿದ ಬೆಲ್ಟಿನದು. ಹಳೆಯ ಬೆಲ್ಟು ಡಾಂಬರಿನಂತೆ ಕರಗಿರುವುದೂ ಉಂಟು, ಅದನ್ನು ಪೂರ್ತಿ ಒರೆಸದೆ ಹೊಸದು ಹಾಕಿದರೆ ಪ್ರಯೋಜನವಿಲ್ಲ. ಮೊದಲು ಬೇಡದ ಕ್ಯಾಸೆಟ್ಟೊಂದನ್ನು ಅರ್ಧ ಗಂಟೆ ಓಡಿಸಿ ನೋಡಿಯೇ ಮನೆಯ ಟೇಪು ಹಾಕಿ. ಯುಎಸ್‌ಬಿ ತಂತಿಯ ಅಗ್ಗದ ‘ಕನ್ವರ್ಟರ್’ಗಳಿಂದ ದೂರವಿರಿ. ಅವುಗಳ ಮೋಟಾರು ತೂಗಾಡುತ್ತದೆ, ಹಾರ್ಮೋನಿಯಂ ಸ್ವರ ಅಲೆಅಲೆಯಾಗಿ ಕೇಳಿಸುತ್ತದೆ. ರಿಪೇರಿ ಮಾಡಿಸಿದ ಹಳೆಯ ಕ್ಯಾಸೆಟ್ ಡೆಕ್ಕೇ ಮೇಲು.

ಡೆಕ್ಕಿನ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ, ಅದಿಲ್ಲದಿದ್ದರೆ ಚಿಕ್ಕದೊಂದು ಆಡಿಯೊ ಇಂಟರ್‌ಫೇಸ್ ಮೂಲಕ ಕೊಡಿ. ಲ್ಯಾಪ್‌ಟಾಪಿನ ಮೈಕ್ ರಂಧ್ರಕ್ಕೆ ಕೊಟ್ಟರೆ ದನಿ ಒಡೆಯುತ್ತದೆ, ಎರಡು ಚಾನೆಲ್ಲು ಒಂದಾಗುತ್ತವೆ. ಗದ್ದಲ ತಗ್ಗಿಸುವ, ದನಿ ತಾನೇ ಏರಿಸುವ ಸೆಟ್ಟಿಂಗುಗಳು ಕಂಪ್ಯೂಟರಿನಲ್ಲಿ ಚಾಲೂ ಇದ್ದರೆ ಆರಿಸಿ. ಅವು ಹಾಡಿನ ನಡುವಿನ ಮೆಲುದನಿಯನ್ನೇ ಗದ್ದಲವೆಂದು ನುಂಗುತ್ತವೆ. ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ 48 ಕಿಲೊಹರ್ಟ್ಸ್, 24 ಬಿಟ್, ವೇವ್ ಫೈಲು. ಅತಿ ಜೋರಿನ ಕಡೆ ಮಟ್ಟ -6 ಡೆಸಿಬೆಲ್ ಸುತ್ತ ಇರಲಿ, ಸೊನ್ನೆ ಮುಟ್ಟಬಾರದು. ಒಂದು ಗಂಟೆಗೆ ಸುಮಾರು 1 ಜಿಬಿ ಜಾಗ ಬೇಕು. ಟೇಪಿನ ಹಿಸ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಆಫ್ ಮಾಡಿಡಿ, ಮನೆಯ ಟೂ ಇನ್ ವನ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುತ್ತಲೇ ಇರಲಿಲ್ಲ.

ಹೆಚ್ಚಿನವರು ಬಿಟ್ಟುಬಿಡುವ ಒಂದು ಹೆಜ್ಜೆ ಹೆಡ್ಡಿನ ಓರೆ ಸರಿಮಾಡುವುದು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಎಷ್ಟು ಓರೆಯಿತ್ತೋ ಅಷ್ಟೇ ಓರೆಯಲ್ಲಿ ಓದಿದರೆ ಮಾತ್ರ ‘ಸ’, ‘ಶ’ ಅಕ್ಷರಗಳು ಸ್ಪಷ್ಟ. ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಚಿಕ್ಕ ಸ್ಕ್ರೂವನ್ನು, ಮೊದಲಿನ ಸ್ಥಾನ ಗುರುತು ಮಾಡಿಟ್ಟುಕೊಂಡು, ಕೂದಲೆಳೆಯಷ್ಟು ತಿರುಗಿಸುತ್ತ ಎರಡೂ ಚಾನೆಲ್ಲು ಕೂಡಿಸಿ ಕೇಳಿ. ಅತಿ ಚೂಪಾಗಿ ಕೇಳಿಸುವಲ್ಲಿ ನಿಲ್ಲಿಸಿ. ಒಂದೇ ಟೇಪಿನಲ್ಲಿ ಉಳಿದ ಎರಡು ರೆಕಾರ್ಡಿಂಗ್ ಬೇರೆ ಬೇರೆ ಯಂತ್ರದ್ದಾಗಿದ್ದರೆ ಎರಡು ಸಲ ಹೊಂದಿಸಿ ಎರಡು ಸಲ ಇಳಿಸಬೇಕಾಗುತ್ತದೆ.

ವೇಗದ ಬಗ್ಗೆ ಒಂದು ಎಚ್ಚರಿಕೆ. ಟೇಪಿನ ಹಿನ್ನೆಲೆಯ ವಿದ್ಯುತ್ ಗುಂಯ್‌ಗುಡುವಿಕೆ 50 ಹರ್ಟ್ಸ್ ಇರಬೇಕೆಂದು ಅದಕ್ಕೆ ವೇಗ ಹೊಂದಿಸುವ ಕ್ರಮ ಹೊರದೇಶದ ಕೈಪಿಡಿಗಳಲ್ಲಿದೆ. ನಮ್ಮಲ್ಲಿ ಅದು ಕೈಕೊಡುತ್ತದೆ. ಆ ದಶಕದಲ್ಲಿ ನಮ್ಮ ಗ್ರಿಡ್ಡೇ ಬೇಡಿಕೆಯ ಹೊತ್ತಿನಲ್ಲಿ 50ರಿಂದ ಸಾಕಷ್ಟು ಕೆಳಗೆ ಇಳಿಯುತ್ತಿತ್ತು. ಇದರ ಬದಲು ಟೇಪಿನಲ್ಲಿರುವ ಹಾಡಿನ ಅಧಿಕೃತ ಪ್ರತಿಯ ಜೊತೆ ಅಳತೆ ಹೋಲಿಸಿ. ಮೂಲ 300 ಸೆಕೆಂಡಿನದ್ದು, ನಿಮ್ಮಲ್ಲಿ 291ಕ್ಕೆ ಮುಗಿಯುತ್ತಿದ್ದರೆ ಟೇಪು 3 ಶೇಕಡಾ ವೇಗವಾಗಿದೆ, ಶ್ರುತಿ ಅರ್ಧ ಸ್ವರಸ್ಥಾನದಷ್ಟು ಏರಿದೆ. ಆ ಅನುಪಾತದಲ್ಲಿ ಇಡೀ ಬದಿಯನ್ನು ಸರಿಪಡಿಸಿದರೆ ವಾರ್ತೆ ಓದುವವರ ದನಿಯೂ ತಾನಾಗಿ ಸರಿಹೋಗುತ್ತದೆ. ಹಾಡು ವಾರ್ತೆಯ ನೆರವಿಗೆ ಬರುವುದು ಹೀಗೆ. ಕತ್ತರಿಸಿದ್ದರೆ ಈ ಅಳತೆಗೋಲು ಇರುತ್ತಿರಲಿಲ್ಲ.

ಬೆಂಗಳೂರಿನ 612, ಧಾರವಾಡದ 765 ಕಿಲೊಹರ್ಟ್ಸ್ ಮಧ್ಯಮ ತರಂಗದಿಂದ ಹಿಡಿದ ದನಿಯಲ್ಲಿ 5 ಕಿಲೊಹರ್ಟ್ಸ್ ಮೇಲೆ ಹೆಚ್ಚೇನೂ ಇರುವುದಿಲ್ಲ. ಸದ್ದು ತೆಗೆಯುವ ತಂತ್ರಾಂಶ ಹಾಕಿ ಉಜ್ಜಿದರೆ ಮಾತು ನೀರಿನೊಳಗಿಂದ ಬಂದಂತಾಗುತ್ತದೆ. ಮೂಲ ಫೈಲನ್ನು ಮುಟ್ಟದೆ ಹಾಗೇ ಇಡಿ, ಶುದ್ಧಿ ಏನಿದ್ದರೂ ನಕಲಿನ ಮೇಲೆ. ಫೈಲಿನ ಹೆಸರು ಇಸವಿಯಿಂದ ಶುರುವಾಗಲಿ. ದಿನ ಖಚಿತವಿಲ್ಲದಿದ್ದರೆ ಅವಧಿ ಹಾಕಿ, ‘1990-11ರಿಂದ 1991-06’ ಎಂಬಂತೆ. ಜೊತೆಗೊಂದು ಸಣ್ಣ ಬರಹ: ಚೀಟಿಯ ಮೇಲೆ ಏನಿದೆ, ಕಿವಿಗೆ ಏನು ಕೇಳಿಸಿತು, ಊಹೆ ಯಾವುದು. ಈ ಮೂರನ್ನು ಬೆರೆಸಬೇಡಿ. ಮೂರು ಪ್ರತಿ ಇರಲಿ, ಒಂದು ಬೇರೆ ಮನೆಯಲ್ಲಿ. ಪೆನ್‌ಡ್ರೈವಿನಲ್ಲಿ ಒಂದೇ ಪ್ರತಿ ಇಟ್ಟು ವರ್ಷಗಟ್ಟಲೆ ಮರೆಯುವುದು ಟ್ರಂಕಿನಲ್ಲಿ ಮರೆತದ್ದಕ್ಕಿಂತ ಅಪಾಯ. ಇಳಿಸಿದ ಮೇಲೂ ಕ್ಯಾಸೆಟ್ಟು ಎಸೆಯಬೇಡಿ, ಒಂದು ತುದಿಗೆ ಸುತ್ತಿ, ನಿಲ್ಲಿಸಿ, ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಡಬ್ಬಿಯಲ್ಲಿ, ಸ್ಪೀಕರಿನಿಂದ ದೂರ ಇಡಿ. ನಿಮ್ಮ ಬಳಕೆಗೆ ಇಳಿಸಿಕೊಳ್ಳುವುದು ಬೇರೆ, ಎಲ್ಲರಿಗೂ ಹಂಚುವುದು ಬೇರೆ ಎನ್ನುವುದು ನೆನಪಿರಲಿ. ಧ್ವನಿಮುದ್ರಣದ ಹಕ್ಕು 60 ವರ್ಷ, 1995ರಲ್ಲಿ ಪ್ರಕಟವಾದ ಧ್ವನಿಮುದ್ರಣದ ಹಕ್ಕು 2055ರ ಕೊನೆಯ ತನಕ ಇದೆ.

ಕೊನೆಯದಾಗಿ ನಿಮ್ಮ ಪತ್ರಿಕೆಗೆ ಎರಡು ಬಿನ್ನಹ. ಹಿನ್ನೋಟದ ಬರಹಗಳಲ್ಲಿ ಘಟನೆಗೆ ದಿನಾಂಕ, ಹಾಡಿಗೆ ಮೊದಲ ಪ್ರಕಟಣೆಯ ವರ್ಷ ಹಾಕಿ, ತಪ್ಪಾದರೆ ಅದೇ ಅಂಕಣದಲ್ಲಿ ತಿದ್ದಿ. ಎರಡನೆಯದು, 1990ರ ಜನವರಿ 1ರಿಂದ 1999ರ ಡಿಸೆಂಬರ್ 31ರ ತನಕದ 3652 ದಿನಗಳ ನಿಮ್ಮ ಮುಖಪುಟದ ಶೀರ್ಷಿಕೆಗಳನ್ನಷ್ಟೇ ದಿನಾಂಕವಾರು ಪಟ್ಟಿ ಮಾಡಿ ಎಲ್ಲರಿಗೂ ಸಿಗುವಂತೆ ಮಾಡಿ. ಪುಟಗಳ ಚಿತ್ರ ಬೇಡ, ಶೀರ್ಷಿಕೆ ಸಾಕು. ಟೇಪಿನಲ್ಲಿ ಸಿಕ್ಕ ಅರ್ಧ ವಾಕ್ಯವನ್ನು ಆ ಪಟ್ಟಿಯಲ್ಲಿ ಹುಡುಕಿ ಯಾರು ಬೇಕಾದರೂ ತಮ್ಮ ಮನೆಯ ಕ್ಯಾಸೆಟ್ಟಿಗೆ ದಿನಾಂಕ ಬರೆಯಬಹುದು. ಹುಡುಕುವವರು ಒಂದನ್ನು ಗಮನದಲ್ಲಿಡಬೇಕು: ರಾತ್ರಿಯ ವಾರ್ತೆ ಪತ್ರಿಕೆಯಲ್ಲಿ ಬರುತ್ತಿದ್ದದ್ದು ಮರುದಿನ ಬೆಳಿಗ್ಗೆ, ಆದ್ದರಿಂದ ಶೀರ್ಷಿಕೆಯ ದಿನಾಂಕದಿಂದ ಒಂದು ದಿನ ಹಿಂದಕ್ಕೆ ಎಣಿಸಿ. ಹಬ್ಬದ ರಜೆಗೆ ಪತ್ರಿಕೆ ಬಾರದ ದಿನವಿದ್ದರೆ ಎರಡು ದಿನ.

ಇಂತಿ,
ತಮ್ಮ ಓದುಗ